ಪ್ರಿಂಟ್ ಮಾಡಿದ ಚಿತ್ರವನ್ನು ಮನೆಯ ಮೆಷಿನಿನಲ್ಲಿ ಕತ್ತರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಚಾವಡಿಯ ಮೂಲೆಯಲ್ಲಿ ಒಂದು ಇಂಕ್‌ಜೆಟ್ ಪ್ರಿಂಟರ್, ಅದರ ಪಕ್ಕ ಒಂದು ಕಟ್ಟಿಂಗ್ ಮೆಷಿನ್. ನೇಮ್ ಸ್ಲಿಪ್, ಸ್ಟಿಕ್ಕರ್, ಕೇಕ್ ಮೇಲೆ ಚುಚ್ಚುವ ಟಾಪರ್, ಹಪ್ಪಳದ ಪ್ಯಾಕೆಟಿನ ಲೇಬಲ್, ಹೀಗೆ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಮೇ ತಿಂಗಳು ಬಂತೆಂದರೆ ಫೋನು ಶುರು. ಅರ್ಧ ಜನ ಆರ್ಡರ್ ಕೊಡಲು ಮಾಡುತ್ತಾರೆ. ಇನ್ನರ್ಧ ಜನ ತಾವೂ ಮೆಷಿನ್ ತಂದಿದ್ದಾರೆ, ಅದು ಎಲ್ಲೆಲ್ಲೋ ಕತ್ತರಿಸುತ್ತಿದೆ! ಅದದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಮೊದಲು ಎರಡನೇ ಪ್ರಶ್ನೆ ಓದಿ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಅದರಿಂದಲೇ ಹುಟ್ಟಿದ್ದು.

ಈ ಮೆಷಿನೇ ಪ್ರಿಂಟ್ ಕೂಡ ಮಾಡುತ್ತದಾ?

ಇಲ್ಲ. ಪ್ರಿಂಟ್ ಮಾಡುವುದು ನಿಮ್ಮ ಮಾಮೂಲಿ ಪ್ರಿಂಟರ್. ಮೆಷಿನಿನಲ್ಲಿ ಇರುವುದು ಪೆನ್ನಿನ ಹಾಗೆ ಓಡಾಡುವ ಒಂದು ಸಣ್ಣ ಬ್ಲೇಡು ಮಾತ್ರ. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುತ್ತೀರಿ, ಪ್ರಿಂಟ್ ತೆಗೆಯುತ್ತೀರಿ. ಆ ಹಾಳೆಯನ್ನು ಮ್ಯಾಟ್, ಅಂದರೆ ಮೇಲೆ ಅಂಟು ಬಳಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿ ಮೆಷಿನಿಗೆ ಕೊಡುತ್ತೀರಿ. ಅದು ಚಿತ್ರದ ಅಂಚಿನಲ್ಲಿ ಕತ್ತರಿಸಿ ಹೊರಗೆ ಬಿಡುತ್ತದೆ. ಇದಕ್ಕೆ ಎಲ್ಲರೂ ಹೇಳುವ ಹೆಸರು ‘ಪ್ರಿಂಟ್ ದೆನ್ ಕಟ್’. ಕೆಲವು ಕಂಪನಿಯವರು ‘ಪ್ರಿಂಟ್ ಆಂಡ್ ಕಟ್’ ಅನ್ನುತ್ತಾರೆ. ಎರಡೂ ಒಂದೇ.

ಚಿತ್ರ ಹಾಳೆಯಲ್ಲಿ ಎಲ್ಲಿದೆ ಅಂತ ಮೆಷಿನಿಗೆ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದೇ ಇಲ್ಲ! ಮೆಷಿನಿಗೆ ನಿಮ್ಮ ಗಣಪತಿಯೂ ಕಾಣುವುದಿಲ್ಲ, ಮಗುವಿನ ಹೆಸರೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ಚಿತ್ರಗಳ ಸುತ್ತ ಸಾಫ್ಟ್‌ವೇರ್ ತಾನಾಗಿ ಪ್ರಿಂಟ್ ಮಾಡುವ ಕಪ್ಪು ಗುರುತು ಮಾತ್ರ. ಕ್ರಿಕಟ್ ಎಂಬ ಕಂಪನಿಯ ಮೆಷಿನಿನಲ್ಲಿ ಅದು ಕಪ್ಪು ಗೆರೆಗಳ ಚೌಕಟ್ಟು ಅಥವಾ ಮೂಲೆಯ ಗುರುತು. ಸಿಲೂಯೆಟ್ ಕಂಪನಿಯ ಕ್ಯಾಮಿಯೋದಲ್ಲಿ ಒಂದು ಮೂಲೆಗೆ ಕಪ್ಪು ಚೌಕ, ಇನ್ನೆರಡು ಮೂಲೆಗೆ ಇಂಗ್ಲಿಷಿನ ‘L’ ಆಕಾರದ ಗೆರೆ.

ಬ್ಲೇಡಿನ ಪಕ್ಕದಲ್ಲೇ ಒಂದು ಪುಟ್ಟ ದೀಪ, ಒಂದು ಸೆನ್ಸರ್ ಇರುತ್ತದೆ. ಹಾಳೆ ಒಳಗೆ ಹೋದ ತಕ್ಷಣ ಆ ದೀಪ ಹೊತ್ತಿ ಗುರುತುಗಳ ಮೇಲೆ ನಿಧಾನ ಓಡುತ್ತದೆ. ಬಿಳಿಯಿಂದ ಕಪ್ಪಿಗೆ ಎಲ್ಲಿ ಬದಲಾಯಿತು ಎಂದು ನೋಡುತ್ತದೆ. ‘ಗುರುತು ಇಲ್ಲಿದ್ದರೆ ಚಿತ್ರ ಇಷ್ಟು ದೂರದಲ್ಲಿ ಇರಬೇಕು’ ಎಂದು ಲೆಕ್ಕ ಹಾಕಿ ಕತ್ತರಿಸುತ್ತದೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾ ಬಾವಿಕಟ್ಟೆಗೆ ಹೋದ ಹಾಗೆ. ಹೊರಟ ಜಾಗ ಸರಿ ಇದ್ದು, ಹೆಜ್ಜೆಯ ಅಳತೆಯೂ ಸರಿ ಇದ್ದರೆ ತಲುಪುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಟ್ಟಿತು.

ಯಾವ ಮೆಷಿನ್ ತೆಗೆದುಕೊಳ್ಳಲಿ?

ಮೊದಲು ಕೇಳಬೇಕಾದದ್ದು ಬ್ರಾಂಡ್ ಅಲ್ಲ, ಸೆನ್ಸರ್ ಇದೆಯಾ ಇಲ್ಲವಾ ಅಂತ. ಕ್ರಿಕಟ್‌ನಲ್ಲಿ ಎಕ್ಸ್‌ಪ್ಲೋರ್, ಮೇಕರ್ ಸಾಲಿನ ಮೆಷಿನುಗಳು ಈ ಕೆಲಸ ಮಾಡುತ್ತವೆ. ಚಿಕ್ಕ ‘ಜಾಯ್’ ಮಾಡುವುದಿಲ್ಲ, ‘ಜಾಯ್ ಎಕ್ಸ್‌ಟ್ರಾ’ ಮಾಡುತ್ತದೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಆನ್‌ಲೈನಿನಲ್ಲಿ ಕಡಿಮೆ ಬೆಲೆ ಕಂಡು ಜಾಯ್ ತರಿಸಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ನನಗೇ ಇಬ್ಬರು ಗೊತ್ತು. ಸಿಲೂಯೆಟ್ ಕ್ಯಾಮಿಯೋ ಕೂಡ ಈ ಕೆಲಸಕ್ಕೆ ಒಳ್ಳೆಯದು.

ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಮಾತ್ರ ಬೇರೆ ಜಾತಿ. ಅದರಲ್ಲಿ ಸ್ಕ್ಯಾನರೇ ಇದೆ. ಮೊದಲೇ ಎಲ್ಲೋ ಪ್ರಿಂಟ್ ಆಗಿರುವ ಚಿತ್ರ, ಮಗು ಕೈಯಲ್ಲಿ ಬಿಡಿಸಿದ ಚಿತ್ರ, ಇಂಥದ್ದನ್ನೂ ನೋಡಿ ಅದರ ಅಂಚು ಹಿಡಿದು ಕತ್ತರಿಸಬಲ್ಲದು. ಮೇಲೆ ‘ಚಿತ್ರ ಕಾಣುವುದಿಲ್ಲ’ ಎಂದೆನಲ್ಲ, ಅದಕ್ಕೆ ಇದೊಂದು ಹೊರತು.

ಮನೆಯಲ್ಲಿ ಪ್ರಿಂಟರ್ ಇಲ್ಲ. ಪೇಟೆಯ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬಹುದಾ?

ಧಾರಾಳವಾಗಿ. ಪ್ರಿಂಟ್ ಮಾಡುವ ಹಂತದಲ್ಲಿ ಕಾಗದದ ಬದಲು ಪಿಡಿಎಫ್ ಎಂದು ಸೇವ್ ಮಾಡಿ. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಸಾಫ್ಟ್‌ವೇರಿನಲ್ಲಿ ಆ ಪ್ರಾಜೆಕ್ಟ್ ಸೇವ್ ಆಗಿರಲಿ. ಮನೆಗೆ ಬಂದ ಮೇಲೆ ಅದನ್ನೇ ತೆರೆದು, ಪ್ರಿಂಟ್ ಆಗಿದೆ ಎಂದು ಹೇಳಿ ಮುಂದೆ ಹೋದರಾಯಿತು. ನಡುವೆ ಒಂದು ಚಿತ್ರವನ್ನು ಒಂದು ಕೂದಲಷ್ಟು ಸರಿಸಿದರೂ ಪ್ರಿಂಟಿಗೂ ಕಟ್ಟಿಗೂ ತಾಳೆಯಾಗುವುದಿಲ್ಲ.

ಅಂಗಡಿಯಲ್ಲಿ ಇರುವುದು ಹೆಚ್ಚಾಗಿ ಲೇಸರ್ ಮೆಷಿನ್. ಅದು ಕಾಗದವನ್ನು ಬಿಸಿ ರೋಲರಿನ ನಡುವೆ ಹಾಯಿಸುತ್ತದೆ. ನೀವು ಕೊಂಡುಹೋದ ಸ್ಟಿಕ್ಕರ್ ಶೀಟು ‘ಇಂಕ್‌ಜೆಟ್‌ಗೆ ಮಾತ್ರ’ ಎಂದಿದ್ದರೆ ದಯವಿಟ್ಟು ಕೊಡಬೇಡಿ. ಪ್ಲಾಸ್ಟಿಕ್ ಶೀಟು ಒಳಗೆ ಕರಗಿ ಅಂಟಿಕೊಂಡರೆ ಅವರ ದುಬಾರಿ ಮೆಷಿನ್ ಹೋಯಿತು, ನಿಮ್ಮ ಮರ್ಯಾದೆಯೂ ಹೋಯಿತು.

ಇನ್ನೊಂದು, ಅಂಗಡಿಯ ಹುಡುಗನಿಗೆ ‘ಫಿಟ್ ಟು ಪೇಜ್ ಬೇಡ, ಹಂಡ್ರೆಡ್ ಪರ್ಸೆಂಟ್ ಬೇಕು’ ಎಂದು ಹೇಳಿ. ಕನ್ನಡದಲ್ಲಿ ಹೇಳಿ, ಮಲಯಾಳದಲ್ಲಿ ಹೇಳಿ, ಆದರೆ ಎರಡು ಸಲ ಹೇಳಿ. ಕಾರಣ ಮುಂದಿನ ಉತ್ತರದಲ್ಲಿದೆ.

ಹಂಡ್ರೆಡ್ ಪರ್ಸೆಂಟ್ ಅಂತ ಯಾಕೆ ಅಷ್ಟು ಹಟ?

ನನ್ನ ಮೊದಲ ದೊಡ್ಡ ಆರ್ಡರ್ ಹಾಳಾದದ್ದೇ ಇದರಿಂದ. ಒಂದು ತರಗತಿಯ ಮಕ್ಕಳಿಗೆಲ್ಲ ನೇಮ್ ಸ್ಲಿಪ್. ಪೇಟೆಯ ಒಂದು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ಮೊದಲ ಸಾಲು ಚಂದಕ್ಕೆ ಬಂತು. ಎರಡನೇ ಸಾಲಿನಲ್ಲಿ ಬಿಳಿ ಅಂಚು ಒಂದು ಕಡೆ ಜಾಸ್ತಿ. ಕೊನೆಯ ಸಾಲಿಗೆ ಬರುವಾಗ ಹೆಸರಿನ ಮೊದಲ ಅಕ್ಷರವೇ ಅರ್ಧ ಹೋಗಿತ್ತು. ಶ್ರಾವ್ಯ ಎಂಬ ಹೆಸರಿಗೆ ‘ಾವ್ಯ’ ಉಳಿದಿತ್ತು.

ತಪ್ಪು ಯಾರದ್ದೂ ಅಲ್ಲ, ನನ್ನದೇ. ಈ ಸಾಫ್ಟ್‌ವೇರುಗಳು ಅಮೆರಿಕದ ಲೆಟರ್ ಹಾಳೆಯನ್ನು ಮೊದಲೇ ಆರಿಸಿಟ್ಟಿರುತ್ತವೆ. ಅದರ ಅಗಲ 216 ಮಿ.ಮೀ., ಉದ್ದ 279 ಮಿ.ಮೀ. ನಮ್ಮಲ್ಲಿ ಸಿಗುವುದು ಎ4, ಅಗಲ 210, ಉದ್ದ 297. ಲೆಟರ್ ಅಳತೆಯ ಪುಟವನ್ನು ಎ4 ಒಳಗೆ ಹಿಡಿಸು ಎಂದರೆ ಪ್ರಿಂಟರ್ ಸದ್ದಿಲ್ಲದೆ ಸುಮಾರು 97 ಪರ್ಸೆಂಟಿಗೆ ಇಳಿಸುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ 10 ಸೆಂ.ಮೀ. ಹೋಗುವಷ್ಟರಲ್ಲಿ 3 ಮಿ.ಮೀ. ತಪ್ಪಿರುತ್ತದೆ. ಮೆಷಿನ್ ಕೆಲವೊಮ್ಮೆ ಗುರುತು ಸಿಗಲಿಲ್ಲ ಎಂದು ನಿಂತುಬಿಡುತ್ತದೆ. ನಿಲ್ಲದೆ ಕತ್ತರಿಸಿದರೆ ಅದು ಇನ್ನೂ ಕಷ್ಟ.

ಆದ್ದರಿಂದ ಎರಡು ಕಡೆ ನೋಡಿ: ಸಾಫ್ಟ್‌ವೇರಿನಲ್ಲಿ ಹಾಳೆಯ ಅಳತೆ ಎ4 ಇರಲಿ, ಪ್ರಿಂಟರಿನಲ್ಲಿ ಸ್ಕೇಲ್ 100 ಇರಲಿ. ಆಮೇಲೆ ಮಕ್ಕಳ ಸ್ಕೇಲು ಹಿಡಿದು ಒಂದು ಸ್ಟಿಕ್ಕರ್ ಅಳೆಯಿರಿ. 5 ಸೆಂ.ಮೀ. ಮಾಡಿದ್ದು 5 ಇರಬೇಕು. 4.85 ಬಂದರೆ ಆ ಹಾಳೆಯನ್ನು ಮೆಷಿನಿಗೆ ಕೊಡಬೇಡಿ. ಅಂಗಡಿಯಲ್ಲೇ ನಿಂತು ಅಳೆದರೆ ಇನ್ನೂ ಒಳ್ಳೆಯದು. ನಾನು ಈಗ ಬ್ಯಾಗಿನಲ್ಲಿ ಸ್ಕೇಲು ಇಟ್ಟುಕೊಂಡೇ ಹೋಗುತ್ತೇನೆ. ನೋಡಿದವರು ಟೀಚರ್ ಅಂದುಕೊಳ್ಳುತ್ತಾರೆ.

ಸ್ಕೇಲ್ ಸರಿ ಇದೆ. ಆದರೂ ಗೆರೆ ತಪ್ಪುತ್ತದಲ್ಲ?

ಹಾಳಾದ ಹಾಳೆಯನ್ನು ಬಿಸಾಡಬೇಡಿ. ಅದನ್ನು ಬೆಳಕಿಗೆ ಹಿಡಿದು ತಪ್ಪು ಯಾವ ಥರ ಇದೆ ನೋಡಿ. ಅದೇ ಕಾರಣ ಹೇಳುತ್ತದೆ.

ಎಲ್ಲ ಸ್ಟಿಕ್ಕರುಗಳೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿವೆಯಾ? ಎಡಕ್ಕೆ 1 ಮಿ.ಮೀ. ಅಂದರೆ ಮೂಲೆಯಿಂದ ಮೂಲೆಗೆ ಅಷ್ಟೇ? ಇದು ಕ್ಯಾಲಿಬ್ರೇಶನ್ ಸಮಸ್ಯೆ, ಸುಲಭದಲ್ಲಿ ಸರಿಯಾಗುತ್ತದೆ. ಒಂದು ಮೂಲೆಯಿಂದ ದೂರ ಹೋದ ಹಾಗೆ ತಪ್ಪು ದೊಡ್ಡದಾಗುತ್ತದಾ? ಆಗ ಪ್ರಿಂಟಿನ ಅಳತೆ ಕುಗ್ಗಿದೆ, ಇಲ್ಲವೇ ಕಾಗದ ಹಿಗ್ಗಿದೆ. ಮೊದಲ ಅರ್ಧ ಸರಿ ಇದ್ದು, ಒಂದು ಜಾಗದಿಂದ ಮುಂದೆ ಎಲ್ಲವೂ ಕೆಟ್ಟಿದೆಯಾ? ಹಾಳೆ ನಡುವೆ ಜಾರಿದೆ. ಮ್ಯಾಟ್ ಅಂಟು ಕಳೆದುಕೊಂಡಿದೆ, ಅಥವಾ ಮ್ಯಾಟ್‌ನ ಹಿಂಭಾಗಕ್ಕೆ ಗೋಡೆಯೋ ಲೋಟವೋ ತಾಗಿದೆ. ಈ ಎರಡನೆಯದು ನಂಬಿ, ತುಂಬಾ ಜಾಸ್ತಿ. ಮ್ಯಾಟ್ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಗೋಡೆಗೆ ಒರಗಿಸಿ ಮೆಷಿನ್ ಇಟ್ಟರೆ ಹಿಂದೆ ಹೋಗಿ ಡಿಕ್ಕಿ ಹೊಡೆಯದೆ ಇರುತ್ತದಾ?

ಗೆರೆ ಸರಿ ಜಾಗದಲ್ಲೇ ಇದೆ, ಆದರೆ ಮೂಲೆಗಳು ಹರಿದ ಹಾಗಿವೆ ಎಂದರೆ ಬ್ಲೇಡು ಮೊಂಡು, ಅಥವಾ ಅದರ ಗೂಡಿನೊಳಗೆ ಕಾಗದದ ಚೂರು ಸಿಕ್ಕಿಕೊಂಡಿದೆ.

ಕ್ಯಾಲಿಬ್ರೇಶನ್ ಎಂದರೆ ಏನು? ಕಷ್ಟವಾ?

ಏನೂ ಕಷ್ಟ ಇಲ್ಲ, ಹದಿನೈದು ನಿಮಿಷದ ಕೆಲಸ. ಸೆನ್ಸರಿಗೂ ಬ್ಲೇಡಿಗೂ ನಡುವೆ ಇರುವ ದೂರವನ್ನು ಮೆಷಿನಿಗೆ ಮತ್ತೊಮ್ಮೆ ಕಲಿಸುವುದು. ಕ್ರಿಕಟ್‌ನ ಸಾಫ್ಟ್‌ವೇರಿನಲ್ಲಿ ಮೆನುವಿನೊಳಗೇ ಕ್ಯಾಲಿಬ್ರೇಶನ್ ಎಂದಿದೆ. ಅದು ಒಂದು ಹಾಳೆ ಪ್ರಿಂಟ್ ಮಾಡಿಸುತ್ತದೆ, ನಡುವಿನ ಚಿಕ್ಕ ಚೌಕದ ಸುತ್ತ ಕತ್ತರಿಸಿ ‘ಗೆರೆಯ ಮೇಲೆ ಬಂತಾ’ ಎಂದು ಕೇಳುತ್ತದೆ. ಇಲ್ಲ ಎಂದರೆ ನಂಬರ್ ಹಾಕಿದ ಗೆರೆಗಳ ಮೇಲೆ ಕತ್ತರಿಸುತ್ತದೆ. ಯಾವುದು ಪ್ರಿಂಟಿನ ಗೆರೆಗೆ ಸರಿಯಾಗಿ ಕೂತಿದೆ ಎಂದು ನೀವು ನೋಡಿ ಹೇಳಬೇಕು. ಕನ್ನಡಕ ಹಾಕಿಕೊಂಡು, ಟಾರ್ಚ್ ಹಿಡಿದು ನೋಡಿ. ಅಂದಾಜಿಗೆ ಹೇಳಬೇಡಿ. ಪ್ರಿಂಟರ್ ಬದಲಾದಾಗ, ಮೆಷಿನನ್ನು ಬೇರೆ ಕಡೆಗೆ ಹೊತ್ತುಕೊಂಡು ಹೋದಾಗ ಇನ್ನೊಮ್ಮೆ ಮಾಡಿ.

‘ಗುರುತು ಓದಲು ಆಗುತ್ತಿಲ್ಲ’ ಎಂದು ಬರುತ್ತದೆ. ಏನು ಮಾಡಲಿ?

ಬೆಳಕಿನಿಂದ ಶುರು ಮಾಡಿ. ಕಿಟಕಿಯ ಬಿಸಿಲು ನೇರ ಮೆಷಿನಿನೊಳಗೆ ಬೀಳುತ್ತಿದ್ದರೆ ಸೆನ್ಸರಿಗೆ ತನ್ನ ದೀಪದ ಬೆಳಕು ಯಾವುದು, ಬಿಸಿಲು ಯಾವುದು ಎಂದೇ ತಿಳಿಯುವುದಿಲ್ಲ. ಪರದೆ ಎಳೆಯಿರಿ.

ಆಮೇಲೆ ಕಾಗದ. ಫೋಟೊ ಪೇಪರು, ಹೊಳೆಯುವ ಸ್ಟಿಕ್ಕರ್, ಲ್ಯಾಮಿನೇಶನ್ ಹಾಕಿದ ಹಾಳೆ, ಇವೆಲ್ಲ ಬೆಳಕನ್ನು ಕನ್ನಡಿಯ ಹಾಗೆ ತಿರುಗಿಸಿ ಹೊಡೆಯುತ್ತವೆ. ಕಪ್ಪು ಗೆರೆಯೂ ಸೆನ್ಸರಿಗೆ ಬಿಳಿಯ ಹಾಗೆ ಕಾಣುತ್ತದೆ. ಇದಕ್ಕೆ ಒಂದು ಸುಲಭದ ಉಪಾಯ: ಗುರುತುಗಳ ಮೇಲೆ ಮಾತ್ರ ಹೊಳಪಿಲ್ಲದ ಮಂಕು ಸೆಲ್ಲೋಟೇಪ್ ಅಂಟಿಸಿ. ಮಾಮೂಲಿ ಹೊಳೆಯುವ ಟೇಪ್ ಅಲ್ಲ, ಮೇಲೆ ಪೆನ್ನಿನಲ್ಲಿ ಬರೆಯಲಿಕ್ಕಾಗುವಂಥದ್ದು. ಪ್ರಿಂಟರಿನಲ್ಲಿ ಕಪ್ಪು ಇಂಕ್ ಮುಗಿಯುತ್ತಾ ಬಂದು ಗೆರೆ ಬೂದು ಬಣ್ಣಕ್ಕೆ ಬಂದಿದ್ದರೆ ಸ್ಕೇಲು ಇಟ್ಟು ಕಪ್ಪು ಮಾರ್ಕರಿನಲ್ಲಿ ಗೆರೆಯೊಳಗೇ ತುಂಬಿ. ಹೊರಗೆ ಹೋದರೆ ಅಳತೆ ತಪ್ಪುತ್ತದೆ.

ಬ್ರೌನ್ ಪೇಪರು, ಬಣ್ಣದ ಕಾಗದ ಬೇಡ. ಕೆಲವು ಮೆಷಿನುಗಳು ತಿಳಿ ಬಣ್ಣವನ್ನು ಒಪ್ಪುತ್ತವೆ, ಹಳೆಯವು ಬಿಳಿ ಬಿಟ್ಟರೆ ಬೇರೇನೂ ಒಪ್ಪುವುದಿಲ್ಲ. ಬ್ರೌನ್ ಬಣ್ಣದ ಹಳ್ಳಿ ಲುಕ್ ಬೇಕು ಎನ್ನುವವರಿಗೆ ನಾನು ಬಿಳಿ ಕಾಗದದ ಮೇಲೆ ಬ್ರೌನ್ ಬಣ್ಣವನ್ನೇ ಪ್ರಿಂಟ್ ಮಾಡಿ ಕೊಡುತ್ತೇನೆ. ಇದು ನಿಜವಾದ ಬ್ರೌನ್ ಪೇಪರಾ ಎಂದು ಯಾರೂ ಇದುವರೆಗೆ ಕೇಳಿಲ್ಲ.

ಮಳೆಗಾಲದಲ್ಲಿ ಮಾತ್ರ ನನ್ನ ಕೆಲಸ ಕೆಡುತ್ತದೆ. ಭ್ರಮೆಯಾ?

ಭ್ರಮೆ ಅಲ್ಲ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೇರಳದಲ್ಲಿ ಶಾಲೆ ಶುರುವಾಗುವುದೂ ಜೂನ್ ಮೊದಲಿಗೆ. ಅಂದರೆ ನೇಮ್ ಸ್ಲಿಪ್ ಆರ್ಡರೂ ಮಳೆಯೂ ಒಟ್ಟಿಗೇ ಬಾಗಿಲಿಗೆ ಬರುತ್ತವೆ.

ಕಾಗದ ನೀರು ಕುಡಿಯುತ್ತದೆ. ತೇವದ ಗಾಳಿ ಸಾಕು, ಮಳೆ ತಾಗಬೇಕೆಂದಿಲ್ಲ. ಕುಡಿದ ಕಾಗದ ಹಿಗ್ಗುತ್ತದೆ, ಅದೂ ಎರಡು ಕಡೆಗೆ ಒಂದೇ ಥರ ಅಲ್ಲ. ಅದರ ನಾರು ಓಡುವ ದಿಕ್ಕಿಗೆ ಕಡಿಮೆ, ಅಡ್ಡಕ್ಕೆ ಜಾಸ್ತಿ. ರಾತ್ರಿ ಪ್ರಿಂಟ್ ಮಾಡಿ ಮೇಜಿನ ಮೇಲೆ ಬಿಟ್ಟು ಬೆಳಗ್ಗೆ ಕತ್ತರಿಸಿದರೆ, ಪ್ರಿಂಟ್ ಆಗುವಾಗ ಇದ್ದ ಹಾಳೆ ಬೇರೆ, ಕತ್ತರಿಸುವಾಗ ಇರುವ ಹಾಳೆ ಬೇರೆ. ಜೊತೆಗೆ ಅಂಚುಗಳು ಮೇಲಕ್ಕೆ ಮಡಚಿಕೊಂಡು ಬ್ಲೇಡಿಗೆ ಸಿಕ್ಕಿ ಹರಿಯುತ್ತವೆ.

ಒಂದು ಹಾಳೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಣ ಕಾಗದ ಚಟಪಟ ಅನ್ನುತ್ತದೆ. ತೇವ ಹಿಡಿದದ್ದು ಬಾಳೆಲೆ ಬಾಡಿದ ಹಾಗೆ ಮೆತ್ತಗೆ ಬಾಗುತ್ತದೆ, ಸದ್ದೇ ಇಲ್ಲ. ಹೀಗಾಗಬಾರದೆಂದು ನಾನು ಕಾಗದದ ಕಟ್ಟನ್ನು ಹಪ್ಪಳದ ಹಾಗೆ ನೋಡಿಕೊಳ್ಳುತ್ತೇನೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೇಕಾದಷ್ಟೇ ಹಾಳೆ ಹೊರಗೆ. ಅತ್ತೆ ಒಮ್ಮೆ ಹಪ್ಪಳ ಅಂತಲೇ ಡಬ್ಬಿ ತೆಗೆದು ‘ಇದೆಂತದ್ದು, ಸುಮ್ನೆ ಕಾಗದಕ್ಕೆ ಇಷ್ಟು ಉಪಚಾರ’ ಎಂದರು. ಪ್ರಿಂಟ್ ತೆಗೆದ ದಿನವೇ ಕತ್ತರಿಸಿ. ಆದರೆ ಪ್ರಿಂಟರಿನಿಂದ ತೆಗೆದ ಕೂಡಲೇ ಬೇಡ. ಇಂಕ್ ಒಣಗಲು ಮಳೆಗಾಲದಲ್ಲಿ ಹೊತ್ತು ಹೆಚ್ಚು ಬೇಕು. ಮೆಷಿನಿನ ರಬ್ಬರ್ ಚಕ್ರ ಹಸಿ ಇಂಕಿನ ಮೇಲೆ ಹಾದರೆ ಹಾಳೆಯುದ್ದಕ್ಕೂ ಚಕ್ರದ ದಾರಿ ಕಾಣುತ್ತದೆ.

ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಹೋಗುತ್ತದೆ. ಏನು ದಾರಿ?

ಈ ಒಂದು ವಿಷಯದಲ್ಲಿ ಪ್ರಿಂಟ್ ದೆನ್ ಕಟ್ ನಮಗೆ ವರವೇ ಸರಿ. ಕಟ್ಟಿಂಗ್ ಸಾಫ್ಟ್‌ವೇರಿನ ಒಳಗೆ ನೇರ ಕನ್ನಡ ಟೈಪ್ ಮಾಡಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬೀಳಬಹುದು. ಅಲ್ಲಿ ಟೈಪ್ ಮಾಡಲೇಬೇಡಿ. ಬೇರೆ ಕಡೆ ಬರೆದು ಚಿತ್ರವಾಗಿ ತನ್ನಿ. ನಾನು ಬಳಸುವುದು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಮಕ್ಕಳ ಹೆಸರಿಗೆ ಗುಂಡಗಿರುವ ‘ಬಾಲೂ ತಮ್ಮ’ ಫಾಂಟ್, ಲೇಬಲ್‌ಗೆ ‘ನೋಟೊ ಸಾನ್ಸ್ ಕನ್ನಡ’. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಬರೆದದ್ದನ್ನು ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿ, 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಹೊರತೆಗೆಯಿರಿ. ಮೆಷಿನಿನ ಮಟ್ಟಿಗೆ ಅದೊಂದು ಚಿತ್ರ, ಅಷ್ಟೇ. ಪಕ್ಕದಲ್ಲಿ ಮಲಯಾಳ ಅಕ್ಷರ ಬೇಕಾದರೂ ಇದೇ ದಾರಿ. ಈ ಕಡೆ ಎರಡೂ ಲಿಪಿಯಲ್ಲಿ ಹೆಸರು ಕೇಳುವವರು ತುಂಬಾ ಜನ.

ಇನ್ನೂ ಒಂದು ಲಾಭ ಇದೆ. ವಿನೈಲ್ ಎಂಬ ಪ್ಲಾಸ್ಟಿಕ್ ಸ್ಟಿಕ್ಕರ್ ಹಾಳೆಯಲ್ಲಿ ಅಕ್ಷರವನ್ನೇ ಕತ್ತರಿಸಿ ಅಂಟಿಸುವವರಿಗೆ ಗೊತ್ತು, ‘ಕೃಷ್ಣ’ ಬರೆದರೆ ಷಕಾರದ ಕೆಳಗಿನ ಣ ಒತ್ತು ಬೇರೆಯೇ ಚೂರಾಗಿ ಮ್ಯಾಟ್ ಮೇಲೆ ಉಳಿಯುತ್ತದೆ. ಅದನ್ನು ಚಿಮಟದಲ್ಲಿ ಎತ್ತಿ ಸರಿ ಜಾಗದಲ್ಲಿ ಕೂರಿಸುವಾಗ ಕಣ್ಣೀರು ಬರುತ್ತದೆ. ಪ್ರಿಂಟ್ ಮಾಡಿ ಸುತ್ತಲೂ 2 ಮಿ.ಮೀ. ಬಿಳಿ ಬಿಟ್ಟು ಕತ್ತರಿಸಿದರೆ ಇಡೀ ಹೆಸರು ಒಂದೇ ತುಂಡು.

ಡಿಟಿಪಿ ಸೆಂಟರಿನಿಂದ ಹಳೆಯ ಫೈಲು ತರುವುದಾದರೆ ಪಿಡಿಎಫ್ ಕೇಳಿ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮಂತ್ರವಾದಿಯ ಯಂತ್ರದ ಹಾಗೆ ಕಾಣುತ್ತದೆ.

ಯಕ್ಷಗಾನ ವೇಷದ ಸ್ಟಿಕ್ಕರ್ ಮಾಡುವಾಗ ಕಿರೀಟದ ಅಂಚು ಚೂರು ಚೂರು ಆಗುತ್ತದೆ.

ಮಗ್ಗುಲು ಮಗ್ಗುಲಿಗೆ ಮೊನೆ ಇರುವ ಕಿರೀಟ, ಭುಜಕೀರ್ತಿ, ಹಾರುವ ಶಾಲು. ಒಂದೊಂದು ಮೊನೆಯಲ್ಲೂ ಬ್ಲೇಡು ತಿರುಗಬೇಕು. ಎರಡು ಇಂಚಿನ ಸ್ಟಿಕ್ಕರಿನಲ್ಲಿ ಅದು ಸಾಧ್ಯವಿಲ್ಲದ ಮಾತು. ಅದಕ್ಕೇ ‘ಆಫ್‌ಸೆಟ್’ ಎಂಬ ಸೌಲಭ್ಯ ಇರುವುದು. ಚಿತ್ರದ ಸುತ್ತ ಒಂದೇ ಅಗಲದ ಗಡಿ ಬರೆದುಕೊಡುತ್ತದೆ. 2ರಿಂದ 3 ಮಿ.ಮೀ. ಇಡಿ. ಮೂಲೆ ಗುಂಡಗಿರಲಿ. ಆಮೇಲೆ ಚಿತ್ರವನ್ನೂ ಗಡಿಯನ್ನೂ ಸೇರಿಸಿ ‘ಫ್ಲ್ಯಾಟನ್’ ಮಾಡಿ. ಇಲ್ಲದಿದ್ದರೆ ಗಡಿಯನ್ನು ಒಂದು ಕಡೆ, ವೇಷವನ್ನು ಇನ್ನೊಂದು ಕಡೆ ಕತ್ತರಿಸಿಕೊಡುತ್ತದೆ.

ಫೋಟೊ ಆದರೆ ಇನ್ನೊಂದು ತಲೆನೋವು. ಆಟದ ರಂಗಸ್ಥಳದ ದೀಪಗಳು, ಹಿಂದಿನ ಪರದೆಯ ಮಿಂಚು. ಹಿನ್ನೆಲೆ ಅಳಿಸಿದ ಮೇಲೂ ಅಲ್ಲಲ್ಲಿ ಎಳ್ಳು ಕಾಳಿನಷ್ಟು ಚುಕ್ಕಿ ಉಳಿದಿರುತ್ತದೆ. ಕಣ್ಣಿಗೆ ಕಾಣದ ಆ ಚುಕ್ಕಿಯ ಸುತ್ತಲೂ ಮೆಷಿನ್ ನಿಷ್ಠೆಯಿಂದ ವೃತ್ತ ಕತ್ತರಿಸುತ್ತದೆ! ಕತ್ತರಿಸುವ ಗೆರೆ ಮಾತ್ರ ತೋರಿಸುವ ನೋಟ ಇರುತ್ತದೆ, ಅದರಲ್ಲಿ ಒಮ್ಮೆ ನೋಡಿ ಬೇಡದ್ದನ್ನು ಅಳಿಸಿ.

ಅಂಚಿನವರೆಗೂ ಬಣ್ಣ ಇರುವ ಚಿತ್ರಕ್ಕೆ ‘ಬ್ಲೀಡ್’ ಆನ್ ಮಾಡಿ. ಬಣ್ಣ ಗೆರೆಯಿಂದ ಸ್ವಲ್ಪ ಆಚೆಗೂ ಹರಡಿಕೊಂಡು ಪ್ರಿಂಟ್ ಆಗುತ್ತದೆ. ಹಾಳೆಯಲ್ಲಿ ಅಂಚು ಕಲಸಿದ ಹಾಗೆ ಕಾಣುತ್ತದೆ, ಗಾಬರಿ ಬೇಡ. ಕತ್ತರಿಸಿದ ಮೇಲೆ ಅದು ಹೊರಗೆ ಹೋಗುತ್ತದೆ.

ವಾಟ್ಸಾಪಿನಲ್ಲಿ ಬಂದ ಫೋಟೊ ಮಸುಕು ಬರುತ್ತದೆ.

ಬಂದೇ ಬರುತ್ತದೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎನ್ನಿ. ಎರಡು ಇಂಚಿನ ಸ್ಟಿಕ್ಕರಿಗೆ 600 ಪಿಕ್ಸೆಲ್ ಅಗಲವಾದರೂ ಬೇಕು.

ಒಂದು ಹಾಳೆಯಲ್ಲಿ ಎಷ್ಟು ಜಾಗ ಸಿಗುತ್ತದೆ?

ಇಡೀ ಹಾಳೆ ಸಿಗುವುದಿಲ್ಲ. ಗುರುತುಗಳಿಗೂ ಅಂಚಿಗೂ ಜಾಗ ಹೋಗುತ್ತದೆ. ಕ್ರಿಕಟ್‌ನಲ್ಲಿ ಲೆಟರ್ ಹಾಳೆಗೆ ಬಹಳ ಕಾಲ 6.75 × 9.25 ಇಂಚಿನ ಮಿತಿ ಇತ್ತು. ಈಗ ಎ4, ಎ3 ಆರಿಸಿಕೊಳ್ಳಬಹುದು.

ಯಾವ ಕಾಗದ ತರಲಿ?

ಪುಸ್ತಕಕ್ಕೆ ಅಂಟಿಸುವ ಸ್ಲಿಪ್‌ಗೆ ಹೊಳಪಿಲ್ಲದ ಸ್ಟಿಕ್ಕರ್ ಪೇಪರ್ ಸಾಕು. ನೀರಿನ ಬಾಟಲಿ, ಟಿಫಿನ್ ಡಬ್ಬಿಗೆ ಪ್ರಿಂಟ್ ಮಾಡಬಹುದಾದ ವಿನೈಲ್. ಟಾಪರ್, ಬರ್ತ್‌ಡೇ ಮಾಲೆ, ಬುಕ್‌ಮಾರ್ಕ್‌ಗೆ 200ರಿಂದ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ದಪ್ಪ ಕಾಗದ. 300ಕ್ಕೆ ಹೋದರೆ ಮನೆಯ ಪ್ರಿಂಟರುಗಳು ಹೆಚ್ಚಾಗಿ ನುಂಗದೆ ಮುಷ್ಕರ ಹೂಡುತ್ತವೆ. ನಾನು ಕಾಗದ ಮಂಗಳೂರಿನಿಂದ ತರುತ್ತೇನೆ. ಮುಟ್ಟಿ ನೋಡಿ ತರಬಹುದು ಎಂಬುದೊಂದೇ ಕಾರಣ.

ಸ್ಟಿಕ್ಕರಿನ ಜೊತೆ ಹಿಂಬದಿಯ ಕಾಗದವೂ ತುಂಡಾಗುತ್ತದೆ.

ಒತ್ತಡ ಜಾಸ್ತಿಯಾಗಿದೆ. ಮೇಲಿನ ಪದರ ಮಾತ್ರ ಕತ್ತರಿಸಿ ಹಿಂಬದಿಯನ್ನು ಹಾಗೇ ಬಿಡುವುದಕ್ಕೆ ಕಿಸ್ ಕಟ್ ಎನ್ನುತ್ತಾರೆ. ಎರಡೂ ಪದರ ಹೋಗಿ ಬಿಡಿ ಬಿಡಿ ತುಂಡಾಗುವುದು ಡೈ ಕಟ್. ಪ್ರತಿ ಹೊಸ ಕಟ್ಟು ಕಾಗದಕ್ಕೂ ಮೂಲೆಯಲ್ಲಿ ಒಂದು ಚಿಕ್ಕ ವೃತ್ತ ಕತ್ತರಿಸಿ ಉಗುರಿನಿಂದ ಎಬ್ಬಿಸಿ ನೋಡಿ. ಸಲೀಸಾಗಿ ಎದ್ದು, ಹಿಂಬದಿಯ ಮೇಲೆ ತೆಳು ಗೀರು ಮಾತ್ರ ಕಂಡರೆ ಅದೇ ಹದ. ಆ ಸೆಟ್ಟಿಂಗನ್ನು ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಬರೆದಿಡಿ, ತಲೆಯಲ್ಲಿ ಇಟ್ಟುಕೊಳ್ಳಲು ಹೋಗಬೇಡಿ.

ನೀರು ತಾಗಿದರೂ ಬಣ್ಣ ಹೋಗಬಾರದು. ಆಗುತ್ತದಾ?

ಇಂಕ್‌ಜೆಟ್‌ನ ಸಾಮಾನ್ಯ ಡೈ ಇಂಕ್ ನೀರಿಗೆ ಹರಡುತ್ತದೆ. ಜೂನ್ ತಿಂಗಳಲ್ಲಿ ಕೊಡೆ ಹಿಡಿದು ಗದ್ದೆ ಬದುವಿನಲ್ಲಿ ನಡೆದು ಹೋಗುವ ಮಗುವಿನ ಬ್ಯಾಗಿಗೆ ಅದು ಒಂದು ವಾರ ಬಂದರೆ ಹೆಚ್ಚು. ಮೇಲೆ ಕೋಲ್ಡ್ ಲ್ಯಾಮಿನೇಶನ್ ಹಾಳೆ ಹಾಕಿ. ಅದಕ್ಕೆ ಬಿಸಿ ಬೇಡ, ಸಿಪ್ಪೆ ತೆಗೆದು ಅಂಟಿಸುವುದು. ಹಾಕಬೇಕಾದದ್ದು ಪ್ರಿಂಟ್ ಆಗಿ ಪೂರ್ತಿ ಒಣಗಿದ ಮೇಲೆ, ಕತ್ತರಿಸುವ ಮೊದಲು. ಲ್ಯಾಮಿನೇಶನ್ ಹಾಳೆಯನ್ನು ಸ್ವಲ್ಪ ಚಿಕ್ಕದಾಗಿ ಕತ್ತರಿಸಿಕೊಂಡು ಕಪ್ಪು ಗುರುತುಗಳ ಒಳಗೆ ಮಾತ್ರ ಬರುವಂತೆ ಅಂಟಿಸಿ. ಆಗ ಸೆನ್ಸರಿಗೂ ತೊಂದರೆ ಇಲ್ಲ. ದಪ್ಪ ಹೆಚ್ಚಿದ್ದರಿಂದ ಒತ್ತಡವನ್ನು ಒಂದು ಮೆಟ್ಟಿಲು ಏರಿಸಿ.

ಕೇಕ್ ಮೇಲೆ ನೇರ ಇಡಬಹುದಾ?

ಬೇಡ. ಪ್ರಿಂಟರಿನ ಇಂಕ್ ತಿನ್ನುವಂಥದ್ದಲ್ಲ. ಟಾಪರಿನ ಕಡ್ಡಿ ಮಾತ್ರ ಕೇಕಿಗೆ ತಾಗಲಿ. ತಿನ್ನುವ ಹಾಳೆಯ ಕೆಲಸಕ್ಕೆ ತಿನ್ನುವ ಇಂಕ್, ಅದಕ್ಕೇ ಮೀಸಲಾದ ಪ್ರಿಂಟರ್, ಬೇರೆ ಮ್ಯಾಟ್, ಬೇರೆ ಬ್ಲೇಡ್ ಬೇಕು.

ಮ್ಯಾಟ್ ಅಂಟು ಹೋಗಿದೆ. ಹೊಸದೇ ತರಬೇಕಾ?

ಮೊದಲು ತೊಳೆದು ನೋಡಿ. ಉಗುರು ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗೆ ಕೈಯಲ್ಲಿ. ನೆರಳಿನಲ್ಲಿ ಒಣಗಿಸಿ. ಧೂಳು, ತೆಂಗಿನ ನಾರು, ಬೆಕ್ಕಿನ ರೋಮ, ಇದೆಲ್ಲ ಹೋದರೆ ಹಳೆಯ ಅಂಟು ಮತ್ತೆ ಜೀವ ಪಡೆಯುತ್ತದೆ. ಆಗದಿದ್ದರೆ ಹಾಳೆಯ ನಾಲ್ಕು ಅಂಚಿಗೆ ಪೇಪರ್ ಟೇಪ್ ಹಾಕಿ ಕೆಲಸ ಸಾಗಿಸಿ. ಕೆಲಸ ಮುಗಿದ ಮೇಲೆ ಕಾಗದವನ್ನು ಎಳೆಯಬೇಡಿ, ಸುರುಳಿ ಸುತ್ತುತ್ತದೆ. ಮ್ಯಾಟನ್ನು ಮಗುಚಿ ಹಾಕಿ, ಮ್ಯಾಟನ್ನೇ ಬಗ್ಗಿಸುತ್ತಾ ಕಾಗದದಿಂದ ಬಿಡಿಸಿ.

ಬ್ಲೇಡಿನ ತುದಿಗೆ ಸಿಕ್ಕಿದ ಚೂರು ಹೋಗಲು ಅಲ್ಯೂಮಿನಿಯಂ ಫಾಯಿಲಿನ ಉಂಡೆಗೆ ನಾಲ್ಕೈದು ಸಲ ಚುಚ್ಚಿ ತೆಗೆಯಿರಿ.

ಅರ್ಧ ಕತ್ತರಿಸುವಾಗ ಕರೆಂಟು ಹೋದರೆ?

ಇಲ್ಲಿ ಅದು ‘ಹೋದರೆ’ ಅಲ್ಲ, ‘ಹೋದಾಗ’. ಹಾಳೆಯನ್ನು ಮ್ಯಾಟ್‌ನಿಂದ ಎಬ್ಬಿಸಬೇಡಿ. ಕರೆಂಟು ಬಂದ ಮೇಲೆ ಅದೇ ಪ್ರಾಜೆಕ್ಟ್ ತೆರೆದು, ಪ್ರಿಂಟ್ ಆಗಿದೆ ಎಂದು ಹೇಳಿ, ಮತ್ತೆ ಒಳಗೆ ಕೊಡಿ. ಗುರುತು ಹಾಳೆಯಲ್ಲೇ ಇರುವುದರಿಂದ ಮೆಷಿನ್ ಅದನ್ನು ಪುನಃ ಓದಿ ಅದೇ ಗೆರೆಗೆ ಬರುತ್ತದೆ. ಆದರೆ ಮೊದಲಿನಿಂದ ಶುರು ಮಾಡುತ್ತದೆ. ಆಗಲೇ ಕತ್ತರಿಸಿದ ಸ್ಟಿಕ್ಕರುಗಳ ಮೇಲೆ ಬ್ಲೇಡು ಎರಡನೇ ಸಲ ಓಡಿ ಹಿಂಬದಿಯೂ ತುಂಡಾಗಬಹುದು. ಅದಕ್ಕೆ ಒತ್ತಡ ಸ್ವಲ್ಪ ಇಳಿಸಿ. ಗುಡುಗು ಶುರುವಾದರೆ ಮಾತ್ರ ಕೆಲಸ ಬಿಟ್ಟು ಪ್ಲಗ್ಗು ಕಿತ್ತುಬಿಡಿ.

ಕಾರ್ಟೂನ್ ಚಿತ್ರ ಡೌನ್‌ಲೋಡ್ ಮಾಡಿ ಸ್ಟಿಕ್ಕರ್ ಮಾರಬಹುದಾ?

ಮಾರಬಾರದು. ನನಗೆ ಆರ್ಡರ್ ಬಂದರೂ ಮಾಡುವುದಿಲ್ಲ. ಹೀಗೆ ಹೇಳಿ ಒಂದಿಬ್ಬರು ಗಿರಾಕಿಗಳನ್ನು ಕಳೆದುಕೊಂಡದ್ದೂ ಉಂಟು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದವರು, ಚಿತ್ರ ಬಿಡಿಸಿದವರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಹಕ್ಕು ಅವರದ್ದು, ಅವರ ಕಡೆಯವರದ್ದು. ಫೋಟೊಕ್ಕೂ 2012ರ ತಿದ್ದುಪಡಿಯ ಮೇಲೆ ಇದೇ ಲೆಕ್ಕ, ತೆಗೆದವರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ.

ನಮ್ಮ ಊರಿನ ಲೆಕ್ಕದಲ್ಲೇ ಹೇಳುವುದಾದರೆ, ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಇರುವಾಗಲೇ ಪ್ರಕಟವಾದ ಸಾಲುಗಳನ್ನು 2024ರಿಂದ ಯಾರೂ ಬುಕ್‌ಮಾರ್ಕಿಗೆ ಹಾಕಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ಹೋದದ್ದು 2015ರಲ್ಲಿ, ಅವರ ಸಾಲಿಗೆ ಅನುಮತಿ ಕೇಳಲೇಬೇಕು. ವೇಷದ ಫೋಟೊಕ್ಕೆ ತೆಗೆದವರನ್ನು ಕೇಳಿ, ವೇಷ ಕಟ್ಟಿದವರಿಗೂ ಒಂದು ಮಾತು ಹೇಳಿ. ಬೇಡ ಎಂದವರು ನನಗೆ ಇದುವರೆಗೆ ಸಿಕ್ಕಿಲ್ಲ. ಹೆಚ್ಚಿನವರು ‘ನನಗೂ ಹತ್ತು ಕೊಡಿ’ ಅನ್ನುತ್ತಾರೆ.

ಉಪ್ಪಿನಕಾಯಿ, ಹಪ್ಪಳಕ್ಕೆ ಲೇಬಲ್ ಮಾಡಿಕೊಡುತ್ತೀರಾ?

ಮಾಡುತ್ತೇನೆ. ಮಾರುವ ಸರಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರ್ ತನ್ನಿ. ಲೇಬಲ್ ಎಲ್ಲ ಪ್ರಿಂಟ್ ಆದ ಮೇಲೆ ‘ಅಯ್ಯೋ, ನಂಬರ್ ಬಿಟ್ಟುಹೋಯಿತು’ ಎಂದು ಫೋನ್ ಮಾಡಬೇಡಿ, ಪ್ಲೀಸ್.

ಇಷ್ಟೆಲ್ಲ ಯಾಕೆ? ಕತ್ತರಿಯಲ್ಲಿ ಕತ್ತರಿಸಿದರೆ ಆಗದಾ?

ಅತ್ತೆಯ ಪ್ರಶ್ನೆ ಇದು. ಹತ್ತು ಗುಂಡು ಸ್ಟಿಕ್ಕರ್ ಆದರೆ ಖಂಡಿತ ಕತ್ತರಿಯೇ ಬೇಗ. ನಾನು ಮ್ಯಾಟ್ ತೆಗೆದು, ಕಂಪ್ಯೂಟರ್ ಆನ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಯಲು ಕಾಯುವಷ್ಟರಲ್ಲಿ ಅವರು ಹತ್ತೂ ಕತ್ತರಿಸಿ ಚಹಾಕ್ಕೆ ನೀರಿಟ್ಟಿರುತ್ತಾರೆ. ಹೋದ ವರ್ಷ ಒಂದು ಹಾಳೆಯ ಕೊನೆಯ ಸಾಲು ಜಾರಿ ಹಾಳಾದಾಗ ಆ ನಾಲ್ಕು ಸ್ಲಿಪ್ಪನ್ನು ಬೇರೆ ಪ್ರಿಂಟ್ ತೆಗೆದು ಅವರ ಕೈಗೇ ಕೊಟ್ಟೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕತ್ತರಿಸಿ ಕೊಟ್ಟರು. ಮೆಷಿನಿನದ್ದು ಯಾವುದು, ಅವರದ್ದು ಯಾವುದು ಎಂದು ಶಾಲೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.